ಬಟ್ಟೆಯ ಕೆಳಗಿನ ಆಫ್ರಿಕಾ

ನನಗೆ 'ಹೌದು' ಅನ್ನಲು ಬರುವುದಿಲ್ಲ. ಇದು ಸೊಕ್ಕಲ್ಲ, ರೂಢಿ. ಹೈಸ್ಕೂಲಿನಿಂದ ಡಿಗ್ರಿ ಮುಗಿಯುವವರೆಗೆ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿದೆ, ಮಾತಾಡಿದಾಗಲೆಲ್ಲ ವಿಷಯದ ವಿರುದ್ಧವೇ ಮಾತಾಡಿದೆ. ಪರವಾಗಿ ಮಾತಾಡುವವನು ನಾಲ್ಕು ದಿನ ಕೂತು ಓದಬೇಕು. ವಿರುದ್ಧ ಮಾತಾಡುವವನಿಗೆ ಅವನು ಓದಿಕೊಂಡು ಬಂದದ್ದೇ ಸಾಕು. ಹೀಗೆ ಆಲಸ್ಯದಿಂದ ಹಿಡಿದ ದಾರಿ ಕೊನೆಗೆ ಸ್ವಭಾವವಾಗಿ ನಿಂತಿತು. ಒಮ್ಮೆ ಅವ್ವ "ಹೊತ್ತಾತು, ಉಣ್ಣಾಕ ಬಾ" ಅಂದಾಗ, ಹೊತ್ತಾಯಿತು ಎಂಬುದಕ್ಕೆ ಆಧಾರವೇನು ಎಂದು ಕೇಳಿದೆ. ಅವ್ವ ಆಧಾರ ಕೊಡಲಿಲ್ಲ, ನನ್ನ ತಾಟು ಎತ್ತಿಟ್ಟಳು. ಅಷ್ಟು ಬಲವಾದ ಪ್ರತಿವಾದವನ್ನು ನಾನು ಯಾವ ವೇದಿಕೆಯ ಮೇಲೂ ಎದುರಿಸಿಲ್ಲ.

ನಮ್ಮ ಬಸವಕಲ್ಯಾಣದ ಮನೆಯ ಗೋಡೆಯ ಮೇಲೆ ನಾಲ್ಕು ಶೀಲ್ಡುಗಳಿವೆ. ಅದರಲ್ಲೊಂದು, ಬಟ್ಟೆಯ ಕೆಳಗೆ ಬೆರಳು ಹಿಡಿದು ಮಾಡುವ ವ್ಯಾಪಾರವನ್ನು ಖಂಡಿಸಿ ಗೆದ್ದದ್ದು. ನಮ್ಮ ಕಡೆ ದನದ ಸಂತೆಯಲ್ಲಿ, ಕಾಳಿನ ಬಜಾರದಲ್ಲಿ ಇದು ಹಳೆಯ ಪದ್ಧತಿ. ಕೊಳ್ಳುವವನೂ ಮಾರುವವನೂ ಒಂದು ಶಲ್ಯದ ಕೆಳಗೆ ಕೈ ಸೇರಿಸುತ್ತಾರೆ. ದರವಾಗಲಿ ಮಾಲಿನ ಲೆಕ್ಕವಾಗಲಿ, ಒಂದು ಬೆರಳು ಒತ್ತಿದರೆ ಒಂದು, ಎರಡು ಒತ್ತಿದರೆ ಎರಡು, ಇಡೀ ಮುಂಗೈ ಹಿಡಿದರೆ ಐದು. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಬಾಯಿ ಮಾತ್ರ ಬೇರೆಯೇ ಮಾತಾಡುತ್ತಿರುತ್ತದೆ. "ಎತ್ತಿಗಿ ವಯಸ್ಸಾತು, ಹಲ್ಲು ಸವದಾವ" ಎಂದು ಕೊಳ್ಳುವವನು ಬಯ್ಯುವುದು ಇದ್ದದ್ದೇ. ಒಮ್ಮೊಮ್ಮೆ ಮಾರುವವನೇ ತನ್ನ ಎತ್ತನ್ನು ಬಯ್ಯುತ್ತಾನೆ. ಮನಸ್ಸಿಗೆ ಬಂದ ಗಿರಾಕಿಗೇ ಕೊಡಬೇಕೆಂದಿದ್ದರೆ ಉಳಿದವರು ಬೇಸತ್ತು ಸರಿದುಹೋಗಲಿ ಎಂಬ ಉಪಾಯ ಅದು. ಇಂಥ ಕಪಟವನ್ನು ನಾನು ಹತ್ತು ನಿಮಿಷದಲ್ಲಿ ಚಿಂದಿ ಮಾಡಿದ್ದೆ. ನಾನು ಒಮ್ಮೆಯೂ ಆ ಬಟ್ಟೆಯ ಕೆಳಗೆ ಕೈ ಇಟ್ಟವನಲ್ಲ ಎಂಬುದನ್ನು ತೀರ್ಪುಗಾರರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಈಗ ನನ್ನ ಕಾಶಪ್ಪ ಕಾಕಾನ ವಿಷಯಕ್ಕೆ ಬರುತ್ತೇನೆ. ಕಾಕಾ ಹರೆಯದಲ್ಲಿ ಮುಂಬಯಿಗೆಂದು ಹೋದವರು ಹನ್ನೆರಡು ವರ್ಷ ಬಿಟ್ಟು ತಿರುಗಿ ಬಂದರು. ಮುಂಬಯಿಯಿಂದ ಹಡಗು ಹತ್ತಿ ಟಾಂಜಾನಿಯಾಕ್ಕೆ ಹೋಗಿದ್ದಾಗಿಯೂ ದಾರ್-ಎಸ್-ಸಲಾಮ್ ಎಂಬ ಬಂದರಿನಲ್ಲಿ ಒಬ್ಬ ಗುಜರಾತಿ ಸೇಠನ ಅಂಗಡಿಯಲ್ಲಿ ಗುಮಾಸ್ತರಾಗಿದ್ದುದಾಗಿಯೂ ಹೇಳಿದರು. ಅದಕ್ಕೆ ಸಾಕ್ಷಿ ಅವರ ಮಾತು, ಒಂದು ಬಣ್ಣದ ಬಟ್ಟೆ, ಅಷ್ಟೇ. ಅಲ್ಲಿನ ಹೆಂಗಸರು ಉಡುವ ಆ ಬಟ್ಟೆಗೆ ಕಾಂಗಾ ಎಂದು ಹೆಸರಂತೆ. ಆಮೇಲೆ ಮದುವೆಯಾಗಿ ಬಂದ ಕಾಕಿ ಅದನ್ನು ಉಪ್ಪಿನಕಾಯಿ ಭರಣಿಗೆ ಮುಸುಕು ಮಾಡಿದ್ದಳು. ಊರಲ್ಲಿ ಯಾರೂ ಕಾಕಾನನ್ನು ನಂಬಲಿಲ್ಲ. "ಸೋಲಾಪುರದ ಗಿರಣ್ಯಾಗ ಇದ್ದು ಬಂದಿರಬೇಕು" ಎಂದರು. ನಂಬದವರ ಮುಂದಾಳು ನಾನು. "ಪಾಸ್‌ಪೋರ್ಟ್ ಎಲ್ಲದ ಕಾಕಾ?" ಎಂದು ಕೇಳಿದರೆ, "ಗೆದ್ದಲ ತಿಂತೋ ಬೇಟಾ" ಎನ್ನುತ್ತಿದ್ದರು. "ಮನ್ಯಾಗ ಇಷ್ಟು ಕಾಗದ ಇದ್ರೂ ಗೆದ್ದಲಕ್ಕ ಆಧಾರನ ಬೇಕಾಗಿತ್ತಾ?" ಎಂದು ನಾನು ಕೇಳುತ್ತಿದ್ದೆ. ಅವರು ನಗುತ್ತಿದ್ದರು. ಆ ನಗುವಿನಲ್ಲಿ ಏನೋ ಸ್ವಲ್ಪ ಮುರಿಯುತ್ತಿತ್ತು. ನಾನು ಅದನ್ನು ನೋಡಿಯೂ ನೋಡದ ಹಾಗಿರುತ್ತಿದ್ದೆ. ಗೆದ್ದವನಿಗೆ ಅಷ್ಟು ಕುರುಡುತನ ಬೇಕಾಗುತ್ತದೆ.

ಆದರೂ ಮಧ್ಯಾಹ್ನ ಕಾಕಾನ ಕಿರಾಣಿ ಅಂಗಡಿಗೆ ಹೋಗುವುದನ್ನು ನಾನು ಬಿಡಲಿಲ್ಲ. ಬಿಸಿಲಿಗೆ ರಸ್ತೆ ಖಾಲಿಯಾದಾಗ, ಜೋಳದ ಚೀಲಗಳ ಮೇಲೆ ನಾನು ಒರಗಿಕೊಂಡಾಗ ಕಾಕಾ ಒಂದು ಲವಂಗವನ್ನು ಅಂಗೈಯಲ್ಲಿ ತಿಕ್ಕಿ ನನ್ನ ಮೂಗಿನ ಹತ್ತಿರ ಹಿಡಿಯುತ್ತಿದ್ದರು. "ಜಾಂಜಿಬಾರ್ ಅಂತ ಒಂದು ದ್ವೀಪ ಅದ. ಹಡಗದಾಗ ಕುಂತಿರ್ತೀವಿ, ಕಣ್ಣಿಗಿ ನೆಲ ಕಾಣಂಗಿಲ್ಲ. ಮೊದಲ ಈ ವಾಸನಿ ಬರ್ತದ. ಆಮ್ಯಾಲ ನೆಲ" ಎನ್ನುತ್ತಿದ್ದರು. ವಾಸನೆ ಗಾಳಿಯಲ್ಲಿ ಅಷ್ಟು ದೂರ ಬರುವುದು ಸಾಧ್ಯವಿಲ್ಲ ಎಂದು ವಾದಿಸಲು ಬಾಯಿ ತೆರೆಯುತ್ತಿದ್ದೆ. ಅಷ್ಟರಲ್ಲಿ ರೆಪ್ಪೆ ಭಾರವಾಗುತ್ತಿತ್ತು. ನಮ್ಮ ತ್ರಿಪುರಾಂತ ಕೆರೆಗೆ ಒಂದು ದೊಡ್ಡ ಬಿಳಿಯ ಹಡಗು ಸದ್ದಿಲ್ಲದೆ ಬಂದು ನಿಲ್ಲುತ್ತಿತ್ತು. ಕೋಟೆಯ ಗೋಡೆಗೆ ಅದರ ಹಗ್ಗ ಕಟ್ಟುತ್ತಿದ್ದರು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ತಲೆ ಎತ್ತಿ ನೋಡಿ, ದಿನಾ ಬರುವ ಬಸ್ಸೇ ಬಂತೇನೋ ಎನ್ನುವ ಹಾಗೆ, ಮತ್ತೆ ಒಗೆಯಲು ಬಗ್ಗುತ್ತಿದ್ದರು. ಎಚ್ಚರವಾದಾಗ ಸಂಜೆಯಾಗಿರುತ್ತಿತ್ತು. ಕನಸು ಆಧಾರವಲ್ಲ ಎಂದು ನನಗೆ ನಾನೇ ಹೇಳಿಕೊಂಡು ಮನೆಗೆ ಹೋಗುತ್ತಿದ್ದೆ.

ಹೀಗಿರುವಾಗ ಕಾಕಾನಿಗೆ ಒಂದು ಹುಚ್ಚು ಹತ್ತಿತು. ಟಾಂಜಾನಿಯಾದ ಮಾಲನ್ನು ನಮ್ಮ ಭಾಗದ ವ್ಯಾಪಾರಿಗಳು ತರಿಸಬೇಕು, ನಮ್ಮವರು ಅಲ್ಲಿ ಹೋಗಿ ಗಿರಣಿ ಹಾಕಬೇಕು, ನಡುವೆ ಏಜೆಂಟನಾಗಿ ತಾನು ನಿಲ್ಲಬೇಕು. ಮುಂಬಯಿಯಲ್ಲಿ ಆ ದೇಶದ ವ್ಯಾಪಾರ ನೋಡಿಕೊಳ್ಳುವ ಒಂದು ಕಚೇರಿಗೆ ಕಾಗದದ ಮೇಲೆ ಕಾಗದ ಬರೆದರು. ಏನಾಶ್ಚರ್ಯ, ಅಲ್ಲಿಂದ ಒಂದು ಪಾರ್ಸಲ್ಲು ಬಂತು. ಒಳಗೆ ಲವಂಗ, ಒಂದು ಹಿಡಿ ತೊಗರಿ, ಕೂದಲಿನಂತೆ ಹೊಳೆಯುವ ಕತ್ತಾಳೆ ನಾರು. ಜೊತೆಗೆ ಒಂದು ಪತ್ರ. ನಮ್ಮ ಅಧಿಕಾರಿಯೊಬ್ಬರು ಹೈದರಾಬಾದಿನಿಂದ ಸೋಲಾಪುರಕ್ಕೆ ಹೋಗುವ ದಾರಿಯಲ್ಲಿ ಹುಮನಾಬಾದಿನಲ್ಲಿ ಎರಡು ತಾಸು ನಿಲ್ಲುತ್ತಾರೆ, ವ್ಯಾಪಾರಿಗಳನ್ನು ಕೂಡಿಸಿರಿ, ಒಬ್ಬರಾದರೂ ಪರೀಕ್ಷೆಗೆಂದು ಮಾಲು ತರಿಸಲು ಒಪ್ಪಿದರೆ ನಿಮ್ಮನ್ನು ಏಜೆಂಟರನ್ನಾಗಿ ಮಾಡುತ್ತೇವೆ, ಇಲ್ಲವಾದರೆ ಈ ಭಾಗವನ್ನು ಪಟ್ಟಿಯಿಂದ ಬಿಡಬೇಕಾಗುತ್ತದೆ ಎಂದಿತ್ತು. ಕಾಕಾ ಅಂದೇ 'ಟಾಂಜಾನಿಯಾ ಮಾಲಿನ ಏಜೆಂಟರು, ಬಸವಕಲ್ಯಾಣ' ಎಂದು ಬೋರ್ಡು ಬರೆಸಿದರು. ಇನ್ನೂ ಆಗದ್ದನ್ನು ಹಾಕುವುದು ಸರಿಯಲ್ಲವೆಂದು ಅದನ್ನು ಗೋಡೆಗೆ ಮುಖ ಮಾಡಿ ಅಂಗಡಿಯಲ್ಲಿ ನಿಲ್ಲಿಸಿದರು.

"ವಕೀಲ್ ಸಾಬ್," ನನ್ನನ್ನು ಅವರು ಹಾಗೇ ಕರೆಯುತ್ತಿದ್ದರು, "ಆ ದಿನ ಎರಡು ಮಾತು ನೀನೇ ಆಡಬೇಕು."

"ಕಾಕಾ, ತೊಗರಿ ಬೆಳಿಯೋ ಹುಮನಾಬಾದಿಗಿ ಆಫ್ರಿಕಾದ ತೊಗರಿ ತಗೋ ಅಂತ ನಾ ಹ್ಯಾಂಗ ಹೇಳಲಿ?"

"ನಂಬಿ ಹೇಳು ಅನ್ನಾಕತ್ತಿಲ್ಲೋ. ಬರೇ ಹೇಳು." ಪಾರ್ಸಲ್ಲಿನ ದಾರ ಬಿಗಿಯುತ್ತ ಅಂದರು, "ಒಂದ್ ಸಲ."

ಕಾಕಿ ಉಪ್ಪಿನಕಾಯಿ ಭರಣಿಯಿಂದ ಆ ಬಣ್ಣದ ಬಟ್ಟೆ ಬಿಚ್ಚಿ ಒಗೆದು ಮಡಚಿ ಕೊಟ್ಟಳು. "ಮೇಜಿನ ಮ್ಯಾಲ ಹಾಸ್ರಿ. ಹನ್ನೆರಡು ವರ್ಷದ ಗಳಿಕಿ ಒಂದ್ ಸಲ ಬಿಸಲಾದ್ರೂ ಕಾಣಲಿ" ಅಂದಳು. ಒಗೆದರೂ ಅದಕ್ಕೆ ಮೆಂತ್ಯದ ವಾಸನೆ ಹೋಗಿರಲಿಲ್ಲ.

ಹುಮನಾಬಾದಿನ ರೇವಣಪ್ಪ ಸಾವಕಾರರ ಅಡತ್ ಅಂಗಡಿಯಲ್ಲಿ ಸಭೆ. ಕಾಳು ಕೊಂಡು ಮಾರುವ ಆ ಅಂಗಡಿಗೆ ಅಂಟಿಕೊಂಡೇ ಅವರ ಹಗ್ಗ, ಗೋಣಿಚೀಲಗಳ ಮಳಿಗೆಯೂ ಇತ್ತು. ಸಾವಕಾರರು ಹೆಚ್ಚು ಮಾತಿನವರಲ್ಲ. ಕಲ್ಯಾಣದಿಂದ ನಾವು ಹೋದ ಬಸ್ಸು ರಾಜೇಶ್ವರದಲ್ಲಿ ಅರ್ಧ ತಾಸು ನಿಂತಿತು. ಆ ಅರ್ಧ ತಾಸೂ ಕಾಕಾ ಮಡಿಲಲ್ಲಿ ಪಾರ್ಸಲ್ಲು ಹಿಡಿದು, ಕಿಟಕಿಯಿಂದ ಹೊರಗೆ ಕರಿಯ ಹೊಲಗಳನ್ನು ನೋಡುತ್ತ ಸಮುದ್ರ ನೋಡುವವರ ಹಾಗೆ ಕೂತಿದ್ದರು. ನಾವು ತಲುಪುವ ಹೊತ್ತಿಗೆ ಏಳೆಂಟು ವ್ಯಾಪಾರಿಗಳು ಕೂಡಿದ್ದರು. ಅವರು ಬಂದದ್ದು ಮಾಲು ನೋಡಲಿಕ್ಕಲ್ಲ, ಕಾಕಾನ ಸುಳ್ಳು ಬಯಲಾಗುವುದನ್ನು ನೋಡಲಿಕ್ಕೆ.

ಅಧಿಕಾರಿಯ ಹೆಸರು ಜುಮಾ. ಎತ್ತರದ ಮನುಷ್ಯ, ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದರು. ಕಾಕಾ ಎದ್ದು ನಿಂತು, ಅಂಗಡಿಗೆ ಬರುವ ಪ್ರತಿಯೊಬ್ಬ ಗಿರಾಕಿಗೂ 'ಬರ್ರಿ' ಎಂಬರ್ಥದಲ್ಲಿ ಹೇಳುವ, ನಾನು ಅವರೇ ಹುಟ್ಟಿಸಿಕೊಂಡದ್ದೆಂದು ಸಾಧಿಸಿದ್ದ ಆ ಮಾತನ್ನು ಅಂದರು. "ಕರಿಬು. ಕರಿಬು ಸಾನಾ." ಜುಮಾ ಹೊಸ್ತಿಲಲ್ಲೇ ನಿಂತುಬಿಟ್ಟರು. ಆಮೇಲೆ ಅವರ ಬಾಯಿಂದ ಆ ದೇಶದ ಭಾಷೆ ತೂಬು ತೆಗೆದ ಕೆರೆಯಂತೆ ಹರಿಯಿತು. ಕಾಕಾ ಮೊದಲು ತಡವರಿಸಿದರು, ಒಂದು ಮಾತಿಗೆ ಹುಡುಕಾಡಿದರು, ಅದು ಸಿಕ್ಕಿತು, ಅದರ ಬೆನ್ನಿಗೆ ಇನ್ನೊಂದು. ಆಮೇಲೆ ಅವರೂ ಹರಿದರು. ಇಬ್ಬರೂ ನಕ್ಕರು. ಏನಕ್ಕೆ ನಕ್ಕರೋ ನಮಗಾರಿಗೂ ತಿಳಿಯಲಿಲ್ಲ. ಒಬ್ಬ ವ್ಯಾಪಾರಿ ಮೆಲ್ಲಗೆ, "ಅಯ್ಯ, ಇವಾ ಖರೇನ ಹೋಗಿದ್ನಲ್ಲೋ!" ಎಂದ. ಹನ್ನೆರಡು ವರ್ಷ ಒಂದು ನಿಮಿಷದಲ್ಲಿ ಖರೆಯಾಯಿತು. ಅಷ್ಟು ಮಂದಿಯ ನಡುವೆ ನಾನೊಬ್ಬನೇ ಎತ್ತ ನೋಡಬೇಕೋ ತಿಳಿಯದೆ ಛಾವಣಿ ನೋಡಿದೆ.

ಜುಮಾ ಇಂಗ್ಲಿಷಿನಲ್ಲಿ ತಮ್ಮ ದೇಶದ ಮಾಲಿನ ಬಗ್ಗೆ ಹೇಳಿದರು, ನಾನು ಕನ್ನಡಕ್ಕಿಳಿಸಿದೆ. ಅಲ್ಲಿ ನೆಲವಿದೆ, ಬಂದು ಬೇಳೆ ಗಿರಣಿ ಹಾಕಿರಿ ಎಂದರು. ಒಬ್ಬ ಮಿಲ್ಲಿನ ಯಜಮಾನ, "ಹಳ್ಳಿಖೇಡಕ್ಕ ಇನ್ನೊಂದು ಮಿಲ್ ಹಾಕ್ತೀನಂದ್ರ ನಮ್ಮಾಕಿ ಬಿಲ್ಕುಲ್ ಒಪ್ಪವಲ್ಲಳು. ಸಮುದ್ರ ದಾಟತೀನಂತ ಹ್ಯಾಂಗ ಹೇಳ್ಲಿರಿ?" ಎಂದ. ಎಲ್ಲರೂ ನಕ್ಕರು. ಅದನ್ನು ಇಂಗ್ಲಿಷಿಗೆ ತಿರುಗಿಸಿದಾಗ ಜುಮಾ ತಮ್ಮ ಮನೆಯಲ್ಲೂ ಅದೇ ತೊಂದರೆ ಎಂದರು.

ಆಮೇಲೆ ನನ್ನ ಸರದಿ. ಆಣೆ ಮಾಡಿ ಹೇಳುತ್ತೇನೆ, ಆ ಹೊತ್ತಿಗೆ ನನ್ನ ಮನಸ್ಸು ಕಾಕಾನ ಕಡೆಗೇ ಇತ್ತು. ಆದರೆ ಚರ್ಚೆಯಲ್ಲಿ ಒಂದು ನಿಯಮವಿದೆ. ಮೊದಲು ಎದುರಾಳಿಯ ಆಕ್ಷೇಪಣೆಗಳನ್ನು ನಾವೇ ಎತ್ತಿ ಹೇಳಬೇಕು, ಆಮೇಲೆ ಒಂದೊಂದಾಗಿ ಉರುಳಿಸಬೇಕು. ನಾನು ಏಳು ಆಕ್ಷೇಪಣೆ ಎತ್ತಿದೆ. ಹಡಗಿನ ತಡ, ಸರಕಾರದ ಪರವಾನಗಿ, ನಮ್ಮ ಹೊಲದ ಬದುವಿನಲ್ಲೇ ಬೆಳೆಯುವ ಕತ್ತಾಳೆ ಎಂದು ಹೇಳುತ್ತ ಹೋದೆ. ಏಳೂ ಎಷ್ಟು ಗಟ್ಟಿಯಾಗಿ ನಿಂತವೆಂದರೆ, ಉರುಳಿಸಲು ಹೋದಾಗ ಕೈಗೆ ಏನೂ ಸಿಗಲಿಲ್ಲ. ಉರುಳಿಸುವ ಅರ್ಧವನ್ನು ನಾನು ಎಂದೂ ಕಲಿತೇ ಇರಲಿಲ್ಲ. "ಆದ್ದರಿಂದ..." ಎಂದು ನಿಂತೆ. ಆದ್ದರಿಂದ ಏನು ಎಂಬುದು ಹೊಳೆಯಲಿಲ್ಲ. ವ್ಯಾಪಾರಿಗಳು "ಹುಡುಗ ಖರೇ ಹೇಳಾಕತ್ತಾನ" ಎನ್ನುತ್ತ ಎದ್ದು ಚಹಾದ ಕಡೆ ಹೋದರು. ಕಾಕಾ ಬಯ್ಯಲಿಲ್ಲ. ಲವಂಗಗಳನ್ನು ಒಂದೊಂದೇ ಆರಿಸಿ ಡಬ್ಬಿಗೆ ತುಂಬತೊಡಗಿದರು. ಅವರು ಬಯ್ದಿದ್ದರೆ ನಾನು ವಾದ ಮಾಡಬಹುದಿತ್ತು.

ಸಾವಕಾರರು ಮಾತ್ರ ಕೂತಲ್ಲಿಂದ ಎದ್ದಿರಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು. ಮೇಜಿನ ಮೇಲಿನ ಕಾಂಗಾದ ತುದಿ ಎಳೆದು ನಮ್ಮಿಬ್ಬರ ಕೈ ಮೇಲೆ ಹಾಕಿದರು. ನಾನು ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ತಡವಾಗಿಯಾದರೂ ಹೊಳೆದ ಉತ್ತರಗಳನ್ನು ಇವರೊಬ್ಬರಿಗಾದರೂ ಹೇಳೋಣವೆಂದು ರೂಢಿಯಂತೆ ಬೆರಳು ಮಡಚುತ್ತ ಶುರು ಮಾಡಿದೆ. "ಮೊದಲನೇದು ನೋಡ್ರಿ, ಈ ನಾರು ನೀರಿಗಿ ಕೊಳಿಯಂಗಿಲ್ಲ." ಸಾವಕಾರರು ನನ್ನ ಒಂದು ಬೆರಳು ಒತ್ತಿದರು. "ಎರಡನೇದು, ಲೈಸೆನ್ಸಿನ ಕೆಲಸ ಮುಂಬಯಿ ಆಫೀಸಿನವರೇ ನೋಡ್ಕೋತಾರ." ಎರಡನೆಯ ಬೆರಳು. ಹೀಗೆ ಐದನೆಯ ಉತ್ತರಕ್ಕೆ ಬಂದಾಗ ನಾನು ಅವರ ಇಡೀ ಮುಂಗೈ ಹಿಡಿದು ಅಲುಗಿಸಿದೆ. ಸಾವಕಾರರು ನನ್ನ ಮುಖ ನೋಡಿದರು, ಬಟ್ಟೆ ಸರಿಸಿದರು. "ಆತು. ಐದು ಗಂಟು ನಾರು" ಎಂದರು.

ಬಟ್ಟೆ ಸರಿಸಿದ ಮೇಲೆ ಆಡಿದ್ದನ್ನು ತಿರುಗಿಸುವಂತಿಲ್ಲ, ಅದು ಬಜಾರದ ಕಟ್ಟಳೆ. ಚಹಾ ಹಿಡಿದು ನಿಂತವರೆಲ್ಲ ಓಡಿ ಬಂದರು. "ಏನ್ ಸಾವಕಾರ್ರೆ, ಹುಡುಗ ಇಷ್ಟೊತ್ತನ ಬ್ಯಾಡ ಅಂದಿದ್ದು ಕೇಳಲಿಲ್ಲೇನ್ರಿ?"

"ಕೇಳ್ದೆ" ಎಂದರು ಸಾವಕಾರರು. "ಅವಾ ಬ್ಯಾಡ ಅಂದಿದ್ದು ನಿಮಗ. ತನ್ನ ಮಾಲು ತಾನೇ ಬಯ್ಯಾಕತ್ತಾನಂದ್ರ ಒಳಗ ಯಾರಿಗೋ ಕೊಡಾಕ ಇಟ್ಟಾನಂತ ಆಗಲೇ ತಿಳೀತು. ನಲವತ್ತು ವರ್ಷ ಬಜಾರದಾಗ ಅದೀನಿ. ಜರಾ ಸಣ್ಣ ವಯಸ್ಸು, ಆದ್ರ ಹುಡುಗ ಪಕ್ಕಾ ದಲ್ಲಾಳಿ!"

ನಾನು ವಾದಿಸಲು ಬಾಯಿ ತೆರೆದೆ. ಕಾಕಾನ ಕಡೆ ನೋಡಿ ಮುಚ್ಚಿದೆ. ಅವರು ಡಬ್ಬಿಯನ್ನು ಹಾಗೇ ಹಿಡಿದು ನಿಂತಿದ್ದರು. ಎರಡು ಲವಂಗ ನೆಲಕ್ಕೆ ಬಿದ್ದಿದ್ದವು. ಜುಮಾ ಅವನ್ನು ಬಗ್ಗಿ ಆರಿಸಿಕೊಟ್ಟು, ಮೇಜಿನ ಬಟ್ಟೆಯ ತುದಿಯನ್ನು ಮೂಗಿಗೆ ಹಿಡಿದರು. ಮೆಂತ್ಯದ ವಾಸನೆ ಅವರಿಗೆ ಏನು ನೆನಪು ತಂದಿತೋ ತಿಳಿಯದು.

ಐದು ಗಂಟು ನಾರು ತಿಂಗಳುಗಟ್ಟಲೆ ತಡವಾಗಿ ಬಂತು, ಅಂದರೆ ನನ್ನ ಮೊದಲ ಆಕ್ಷೇಪಣೆ ಸರಿಯೇ ಆಗಿತ್ತು. ಈಗ ಮುಡಬಿಯಲ್ಲಿ, ಬೇಮಳಖೇಡದಲ್ಲಿ ಕೆಲವು ಎಮ್ಮೆಗಳು ಆಫ್ರಿಕಾದ ಹಗ್ಗದಲ್ಲಿ ಕಟ್ಟಿಸಿಕೊಂಡು ನಿಶ್ಚಿಂತೆಯಿಂದ ಮೆಲುಕು ಹಾಕುತ್ತಿವೆ. ಯಾವ ಮಿಲ್ಲೂ ಸಮುದ್ರ ದಾಟಲಿಲ್ಲ. ತ್ರಿಪುರಾಂತ ಕೆರೆಗೆ ಹಡಗು ಇನ್ನೂ ನನ್ನ ನಿದ್ದೆಯಲ್ಲೇ ಬರುತ್ತದೆ. ಕಾಕಾನ ಬೋರ್ಡು ಮಾತ್ರ ಗೋಡೆ ಬಿಟ್ಟು ರಸ್ತೆಗೆ ಮುಖ ಮಾಡಿದೆ. ಅದರ ಕೆಳಗೆ ಕೂತು ಅವರು "ಕರಿಬು" ಎಂದರೆ ಊರವರು ಈಗ "ಕರಿಬು ಕಾಕಾ" ಎಂದು ತಿರುಗಿ ಹೇಳುತ್ತಾರೆ.

ಉಳಿದದ್ದು ಒಂದೇ ಮಾತು. ಸಾವಕಾರರ ಕೈಯಲ್ಲಿ ನಾನು ತಿಳಿಯದೆ ಬೆರಳು ಕೊಟ್ಟೆ ಎಂದೇ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಯಾರಾದರೂ ಅನುಮಾನಪಟ್ಟರೆ ಅದಕ್ಕೂ ಏಳು ಆಧಾರ ಕೊಡಬಲ್ಲೆ. ಆದರೆ ಎರಡನೆಯ ಬೆರಳು ಒತ್ತಿದಾಗ ಅವರು ಒಂದು ಕ್ಷಣ ತಡೆದರು, ಇಷ್ಟೇ ಸಾಕೋ ಎಂದು ಕೇಳುವ ಹಾಗೆ. ಆಗಲೇ ನನಗೆ ತಿಳಿಯಿತು. ಆ ಕಡೆ ಕಾಕಾ ಲವಂಗ ಆರಿಸುತ್ತಿದ್ದರು. ಮೂರನೆಯದು, ನಾಲ್ಕನೆಯದು, ಐದನೆಯದು ನಾನು ತಿಳಿದೇ ಕೊಟ್ಟೆ. ಕಾಕಾ ಏಜೆಂಟರಾಗಲು ಒಂದೇ ಗಂಟು ಸಾಕಾಗಿತ್ತು. ನನಗೆ 'ಹೌದು' ಅನ್ನಲು ಬರುವುದಿಲ್ಲ ಎಂದು ಮೊದಲೇ ಹೇಳಿದ್ದೇನೆ. ಬಟ್ಟೆಯ ಕೆಳಗಾದರೆ ಬರುತ್ತದೆ, ಅದೂ ಐದು ಸಲ. ಬಟ್ಟೆಯ ಕೆಳಗಿನ ವ್ಯಾಪಾರವನ್ನು ಖಂಡಿಸಿ ಗೆದ್ದ ಆ ಶೀಲ್ಡನ್ನು ಗೋಡೆಯಿಂದ ಇಳಿಸಬೇಕೆಂದು ಅವ್ವ ಅನ್ನುತ್ತಿದ್ದಾಳೆ. ಇಳಿಸಬಾರದೆಂದು ನಾನು ವಾದಿಸುತ್ತಿದ್ದೇನೆ, ಎರಡೂ ಕೈ ಬೆನ್ನ ಹಿಂದೆ ಗಟ್ಟಿಯಾಗಿ ಕಟ್ಟಿಕೊಂಡು.