ಕಂಬಕ್ಕೆ ಒರಗಿದ ಭಾವನವರ ಪರವಾಗಿ ನಗರ ಸೌಂದರ್ಯ ಇಲಾಖೆಗೆ

ನಗರ ಸೌಂದರ್ಯ ಇಲಾಖೆಯ ಘನತೆವೆತ್ತ ಮುಖ್ಯಾಧಿಕಾರಿಗಳ ಸನ್ನಿಧಿಗೆ, ಕಿಟಕಿ ಪರದೆ ಹೊಲಿದು ಹೊಟ್ಟೆ ಹೊರೆಯುವ ದರ್ಜಿಯೊಬ್ಬ ಹಲ್ಲಿನ ನಡುವಿನ ಸೂಜಿಯನ್ನು ತೆಗೆದಿಟ್ಟು, ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ಬಲ್ಲೆ. ತಮ್ಮ ಕಚೇರಿಯ ಗೋಡೆ ಇನ್ನೂ ಇಟ್ಟಿಗೆಯದೇ ಎಂಬುದನ್ನು ನಿನ್ನೆಯಷ್ಟೇ ಕೈಯಿಂದ ಮುಟ್ಟಿ, ಬೆರಳಿನಿಂದ ತಟ್ಟಿ ಖಚಿತಪಡಿಸಿಕೊಂಡು ಬಂದಿದ್ದೇನೆ. ಈ ಅಭ್ಯಾಸ ನನಗೆ ಇತ್ತೀಚೆಗೆ ಅಂಟಿಕೊಂಡದ್ದು, ಅದಕ್ಕೆ ತಾವೇ ಕಾರಣರಾದ್ದರಿಂದ ಕೃತಜ್ಞತೆಯನ್ನೂ ತಮಗೇ ಸಲ್ಲಿಸಬೇಕಾಗಿದೆ.

ಮದುವೆಯಾಗಿ ಹೊರದೇಶ ಸೇರಿದ ನನ್ನ ಅಕ್ಕ, ಭಾವ ಮತ್ತು ಅವರ ಮಗಳು ಕಳೆದ ತಿಂಗಳು ನಮ್ಮೂರಿಗೆ ಬಂದಿದ್ದರು. ಭಾವನವರು ನಿವೃತ್ತರಾಗಿರುವುದರಿಂದ ಇನ್ನು ಮುಂದೆ ಎಲ್ಲಿ ನೆಲೆಸುವುದೆಂಬ ಮಾತು ಅವರ ಮನೆಯಲ್ಲಿ ಎದ್ದಿತ್ತು. "ಒಂದ್ಸಲ ಊರೆಲ್ಲ ನೋಡ್ತೀನಿ ಕಣೋ, ಮನಸ್ಸಿಗೆ ಹಿಡಿಸಿದ್ರೆ ನಿನ್ನ ಪಕ್ಕದಲ್ಲೇ ಮನೆ ಮಾಡ್ತೀವಿ" ಎಂದು ಅಕ್ಕ ಫೋನಿನಲ್ಲಿ ಹೇಳಿದ್ದಳು. ಹೆಂಡತಿ ತೀರಿಕೊಂಡ ಮೇಲೆ ನನ್ನನ್ನು 'ಕತ್ತೆ' ಎಂದು ಬೈದು ತಟ್ಟೆಗೆ ಊಟ ಹಾಕುವವರು ಈ ಊರಿನಲ್ಲಿ ಯಾರೂ ಉಳಿದಿಲ್ಲ. ತಲೆ ನೆರೆತ ಮೇಲೆ ನನಗೆ ಅಕ್ಕ ಬೇಕು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಬೇಕು. ಆದ್ದರಿಂದ ಅಂಗಡಿಗೆ ಬಾಗಿಲು ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಾಡಿಗೆ ಕಾರಿನಲ್ಲಿ ಅವರನ್ನು ಕೂರಿಸಿಕೊಂಡು ಎದೆಯುಬ್ಬಿಸಿ ಹೊರಟೆ.

ಮೊದಲು ಕೆರೆಗೆ ಹೋದೆವು. ಕೆರೆಯ ಸುತ್ತ ತಾವು ಆಳೆತ್ತರದ ತಗಡು ನಿಲ್ಲಿಸಿ, ತಗಡಿನ ಮೇಲೆ ಅದೇ ಕೆರೆಯ ಚಿತ್ರ ಬರೆಸಿದ್ದೀರಿ. ಅದರಲ್ಲಿ ನೀಲಿ ನೀರಿದೆ, ದೋಣಿಯಿದೆ, ನಮ್ಮ ಕೆರೆ ಹುಟ್ಟಿದಂದಿನಿಂದ ಕಂಡರಿಯದ ಹಂಸಗಳೂ ಇವೆ. "ತಗಡಿನ ಆಚೆ ಏನಿದೆ ಮಾಮ?" ಎಂದು ಅಕ್ಕನ ಮಗಳು ಕೇಳಿದಳು. ವಾಸನೆಯಿಂದ ಅಂದಾಜು ಮಾಡಬೇಕಾಗಿತ್ತು, ಮಾಡಿದೆವು, ಕಾರಿನ ಗಾಜು ಏರಿಸಿದೆವು. ಅಲ್ಲಿಂದ ಹಳೆಯ ಸೇತುವೆಗೆ ಹೋದರೆ ಸೇತುವೆಯಿರಲಿಲ್ಲ, 'ಕಾಮಗಾರಿ ಪ್ರಗತಿಯಲ್ಲಿದೆ, ಅಡಚಣೆಗೆ ವಿಷಾದಿಸುತ್ತೇವೆ' ಎಂಬ ಫಲಕವಿತ್ತು. ಬೇರೆ ಊರುಗಳಲ್ಲಿ ಇಂಥ ಫಲಕವನ್ನು ರಟ್ಟಿನ ಮೇಲೆ ಬರೆಯುತ್ತಾರಂತೆ. ತಾವು ಕಲ್ಲಿನಲ್ಲಿ ಕೆತ್ತಿಸಿದ್ದೀರಿ. ತಮ್ಮ ವಿಷಾದ ಮೊಮ್ಮಕ್ಕಳ ಕಾಲಕ್ಕೂ ಬಾಳುವಂಥದ್ದೆಂದು ನಾವೆಲ್ಲ ಒಪ್ಪಿಕೊಂಡೆವು. ಕಟ್ಟಡಗಳ ವಿಮೆ ಕಂಪನಿಯಲ್ಲಿ ದುಡಿದ ಭಾವನವರು ಮಾತ್ರ ಆ ಕಲ್ಲು ಸೇತುವೆಯದೇ ಇರಬೇಕೆಂದು ಗೊಣಗಿದರು.

ಇಷ್ಟಾದರೂ ನಾನು ಧೈರ್ಯಗೆಟ್ಟಿರಲಿಲ್ಲ. ಅಕ್ಕ ಬಂದದ್ದು ಕೆರೆ ಸೇತುವೆ ನೋಡಲಿಕ್ಕಲ್ಲ, ಗ್ರಂಥಾಲಯ ನೋಡಲಿಕ್ಕೆ. ನಮ್ಮಪ್ಪ ಅಲ್ಲಿನ ಕಾವಲುಗಾರನಾಗಿದ್ದ, ಕಟ್ಟಡದ ಹಿಂಬದಿಯ ಎರಡು ಕೋಣೆಗಳಲ್ಲೇ ನಾವಿಬ್ಬರೂ ಹುಟ್ಟಿ ಬೆಳೆದದ್ದು. ಓದುವವರಿಗೆ ತೊಂದರೆಯಾಗಬಾರದೆಂದು ನಮ್ಮ ಮನೆಯಲ್ಲಿ ಜಗಳವೂ ಪಿಸುಮಾತಿನಲ್ಲೇ ನಡೆಯುತ್ತಿತ್ತು. ಅವ್ವ ಹೊಡೆದರೆ ಬಾಯಿಗೆ ಬಟ್ಟೆ ತುರುಕಿಕೊಂಡು ಅಳುತ್ತಿದ್ದೆವು. ಅಕ್ಕ ಇವತ್ತಿಗೂ ಸಿಟ್ಟು ನೆತ್ತಿಗೇರಿದಷ್ಟೂ ದನಿ ತಗ್ಗಿಸುತ್ತಾಳೆ, ಅವಳು ಕೂಗಾಡುತ್ತಿರುವವರೆಗೆ ಭಾವನವರಿಗೆ ಭಯವಿಲ್ಲ. ದಿನವೂ ಬಸ್ಸಿನ ಕಿಟಕಿಯಿಂದ ಆ ಕಟ್ಟಡವನ್ನು ನೋಡುವ ನಾನು, "ಸುಣ್ಣ ಬಣ್ಣ ಹೊಡೆದು ಎಷ್ಟು ಚೆನ್ನಾಗಿ ಇಟ್ಟಿದಾರೆ ಗೊತ್ತಾ" ಎಂದು ಅಕ್ಕನಿಗೆ ಫೋನಿನಲ್ಲಿ ಹೇಳುತ್ತಲೇ ಬಂದಿದ್ದೆ. ನಂಬಿಯೇ ಹೇಳಿದ್ದೆ.

ಕಾರಿನಿಂದ ಇಳಿದಾಗಲೂ ನನಗೆ ಅನುಮಾನ ಬರಲಿಲ್ಲ. ಬಟ್ಟೆಯ ನಡುವೆಯೇ ಮುದುಕನಾದವನು ನಾನು, ಕತ್ತಲೆಯಲ್ಲಿ ಕೊಟ್ಟರೂ ಹತ್ತಿಯೋ ಪಾಲಿಸ್ಟರೋ ಎಂದು ಬೆರಳಿನಿಂದ ಹೇಳಬಲ್ಲೆ. ಅಂಥ ನನ್ನ ಕಣ್ಣಿಗೂ ಹಾಡಹಗಲೇ ಮಣ್ಣೆರಚಿದ ತಮ್ಮ ಇಲಾಖೆಯ ಮುದ್ರಣಕ್ಕೆ ಮೊದಲ ಶರಣು. ಅಕ್ಕನ ಮಗಳು ಎಲ್ಲರನ್ನೂ ಫೋಟೊಗೆ ನಿಲ್ಲಿಸಿದಳು. ನಮ್ಮ ಭಾವನವರಿಗೆ ಒರಗದೆ ಫೋಟೊ ತೆಗೆಸಿಕೊಂಡು ಗೊತ್ತಿಲ್ಲ, ಮದುವೆಯ ಫೋಟೊದಲ್ಲೂ ಅಕ್ಕ ನೆಟ್ಟಗೆ ನಿಂತಿದ್ದಾಳೆ, ಅವರು ಬಾಗಿಲ ಚೌಕಟ್ಟಿಗೆ ಒರಗಿದ್ದಾರೆ. ಅದೇ ಗತ್ತಿನಲ್ಲಿ ಗ್ರಂಥಾಲಯದ ಕಂಬಕ್ಕೆ ಹೆಗಲು ಕೊಟ್ಟರು. ಚರ್ ಎಂದು ಸದ್ದಾಯಿತು. ಕಂಬವೂ ಪಕ್ಕದ ಕಿಟಕಿಯೂ ಹರಿದು, ಭಾವನವರು ಗ್ರಂಥಾಲಯದೊಳಕ್ಕೆ ಕಾಲು ಮೇಲಾಗಿ ಪ್ರವೇಶ ಮಾಡಿದರು.

ನಾವು ಅವರ ಹಿಂದೆಯೇ ಆ ಹರುಕಿನಲ್ಲಿ ನುಗ್ಗಿದೆವು. ಗ್ರಂಥಾಲಯದ ಚಿತ್ರ ಮುದ್ರಿಸಿದ ಆ ಬಟ್ಟೆಯ ಒಳಗೆ ಗ್ರಂಥಾಲಯವಿರಲಿಲ್ಲ. ಮಟ್ಟ ಮಾಡಿದ ಬಯಲು, ಒಂದು ಮರಳು ಗುಡ್ಡೆ, ಗುಡ್ಡೆಯ ಮೇಲೆ ಭಾವ, ನೆರಳಿನಲ್ಲಿ ತಮ್ಮ ಇಲಾಖೆಯ ಜೀಪು, ಪಕ್ಕದಲ್ಲೊಂದು ಕುರ್ಚಿ ಮತ್ತು ಅದರಲ್ಲಿ ಆಗಷ್ಟೇ ಕಣ್ಣು ಬಿಟ್ಟ ಕಾವಲಿನವನು, ಇಷ್ಟೇ ಇದ್ದದ್ದು. "ಒಳಗೆಲ್ಲ ಬರಬೇಡಿ ಸಾರ್, ಕಟ್ಟಡ ಹಾಳಾಗತ್ತೆ" ಎಂದು ಆತ ಕಳಕಳಿಯಿಂದ ಕೇಳಿಕೊಂಡ. ಅಂಥ ನಿಷ್ಠಾವಂತನಿಗೆ ತಾವು ಬಡ್ತಿ ಕೊಡದಿದ್ದರೆ ಅನ್ಯಾಯವಾದೀತು.

ಭಾವನವರಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಅಕ್ಕ ಅವರ ಕಡೆ ನೋಡಲೂ ಇಲ್ಲ. ಬಯಲಿನ ಹಿಂಬದಿಗೆ ನಡೆದುಹೋಗಿ, ಅತ್ತಿತ್ತ ತಿರುಗಿ, ಕಾಲಿನಿಂದ ಮಣ್ಣು ಸರಿಸಿ, ಒಂದು ಕಡೆ ನಿಂತಳು. ಆಮೇಲೆ ನನಗಷ್ಟೇ ಕೇಳುವಂತೆ, "ಎಲ್ಲೋ ನಮ್ಮನೆ?" ಎಂದಳು. ಮಾನ್ಯರೇ, ಕೂಗಿ ಕೇಳಿದ್ದರೆ ನಾನು ಏನಾದರೊಂದು ಉತ್ತರ ಹೇಳುತ್ತಿದ್ದೆ. ಅಪ್ಪ ಬೀಗದ ಕೈ ಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡು ಕಾದ ಜಾಗ ಅದು, ಇಡೀ ಕಟ್ಟಡವನ್ನೇ ಕದ್ದೊಯ್ಯಬಹುದೆಂದು ಪಾಪ ಅವನಿಗೂ ಹೊಳೆದಿರಲಿಲ್ಲ.

ಆದರೆ ದೂರುವುದು ನನ್ನ ಉದ್ದೇಶವಲ್ಲ, ಬಟ್ಟೆಯ ಮೇಲ್ಮೆಯನ್ನು ನಾನೇ ಒಪ್ಪದಿದ್ದರೆ ಇನ್ನಾರು ಒಪ್ಪಬೇಕು? ಬಟ್ಟೆಯ ಕಟ್ಟಡ ಸೋರುವುದಿಲ್ಲ, ಬಿರುಕು ಬಿಡುವುದಿಲ್ಲ, ಯಾರೂ ಒಳಗೆ ಬಂದು ಪುಸ್ತಕ ಕೇಳುವುದಿಲ್ಲ. ಅಕ್ಕನ ಮಗಳಂತೂ ತನ್ನ ಫೋನು ತೋರಿಸಿ, "ಫೋಟೋದಲ್ಲಿ ಗೊತ್ತೇ ಆಗಲ್ಲ ಮಾಮ, ಸೂಪರಾಗಿದೆ" ಎಂದು ನನ್ನನ್ನು ಸಮಾಧಾನಪಡಿಸಿದಳು. ತೊಡಕಿರುವುದು ಗಾಳಿಯದೊಂದೇ. ಈಗ ಗಮನವಿಟ್ಟು ನೋಡಿದರೆ ಸಂಜೆಯ ಹೊತ್ತು ಗ್ರಂಥಾಲಯದ ಹೊಟ್ಟೆ ಉಬ್ಬುತ್ತದೆ, ಕಂಬಗಳು ಸೊಂಟ ಬಳುಕಿಸುತ್ತವೆ. ಆದ್ದರಿಂದ ನಗರದ ಮಿತಿಯೊಳಗೆ ಗಾಳಿಯನ್ನು ನಿಷೇಧಿಸಬೇಕೆಂದೂ, ಆಸ್ಪತ್ರೆ, ಶಾಲೆ, ಬಸ್ ನಿಲ್ದಾಣಗಳನ್ನು ಆದಷ್ಟು ಬೇಗ ಬಟ್ಟೆಗೆ ಇಳಿಸಬೇಕೆಂದೂ, ಸಾಧ್ಯವಾದರೆ ನಗುತ್ತಿರುವ ನಾಗರಿಕರನ್ನೂ ಅಲ್ಲಲ್ಲಿ ಮುದ್ರಿಸಿ ನಿಜವಾದವರನ್ನು ಈ ತೊಂದರೆಯಿಂದ ಬಿಡುಗಡೆ ಮಾಡಬೇಕೆಂದೂ ಬೇಡಿಕೊಳ್ಳುತ್ತೇನೆ.

ಹೊರಡುವ ದಿನ ವಿಮಾನ ನಿಲ್ದಾಣದ ಬಾಗಿಲಲ್ಲಿ ಅಕ್ಕ ನನ್ನ ಅಂಗಿಯ ಕಾಲರು ಸರಿಮಾಡಿ, "ಊರಿನ ಕೆಲಸ ಎಲ್ಲ ಮುಗೀಲಿ ಬಿಡು, ಆಮೇಲೆ ಬರ್ತೀವಿ" ಎಂದಳು. ಅದನ್ನೂ ಪಿಸುಗುಟ್ಟಿದಳು. ಅವಳು ಬರುವುದಿಲ್ಲವೆಂದು ನನಗೆ ಅರ್ಥವಾಯಿತು. ಭಾವನವರು ಗಾಜಿನ ಬಾಗಿಲಿಗೆ ಒರಗಲು ಹೋಗಿ, ಮೊದಲು ಬೆರಳಿನಿಂದ ತಟ್ಟಿ ನೋಡಿದರು.

ಕೊನೆಯದಾಗಿ ನನ್ನ ಸ್ವಂತದ್ದೊಂದು ಕೋರಿಕೆ. ನನ್ನ ಬಳಿ ಅಕ್ಕನ ಒಳ್ಳೆಯ ಫೋಟೊ ಒಂದಿದೆ. ತಮ್ಮ ಯಂತ್ರದಲ್ಲಿ ಅದನ್ನು ಆಳೆತ್ತರಕ್ಕೆ ಮುದ್ರಿಸಿಕೊಟ್ಟರೆ, ಅಂಚು ಮಡಿಸಿ ನಾನೇ ಹೊಲಿದು ಅಡುಗೆಮನೆಯ ಬಾಗಿಲಿಗೆ ಇಳಿಬಿಟ್ಟುಕೊಳ್ಳುತ್ತೇನೆ. ಕಿಟಕಿ ತೆರೆದಿಟ್ಟರೆ ಅಲ್ಲಾಡುತ್ತದೆ, ಒಳಗೆ ಯಾರೋ ಓಡಾಡಿದ ಹಾಗಾದರೂ ಆಗುತ್ತದೆ. ಬೈಯುವುದಿಲ್ಲ, ಅದೊಂದು ಕೊರತೆ. ಬೈಯದ ಅಕ್ಕನಿಗೂ ಹೊಂದಿಕೊಂಡೇನು, ಗ್ರಂಥಾಲಯವಿಲ್ಲದ ಗ್ರಂಥಾಲಯಕ್ಕೆ ಊರೇ ಹೊಂದಿಕೊಂಡಿಲ್ಲವೇ?

ಇನ್ನೂ ಬಟ್ಟೆಯಾಗದೆ ಉಳಿದಿರುವ
ತಮ್ಮ ವಿಶ್ವಾಸಿ,
ಪರದೆ ದರ್ಜಿ

ಮರೆತ ಮಾತು: ಭಾವನವರು ಹರಿದ ಕಂಬ ಮತ್ತು ಕಿಟಕಿಯನ್ನು ತಮ್ಮ ಇಲಾಖೆಯವರು ಮರುದಿನ ಬೆಳಗಾಗುವಷ್ಟರಲ್ಲಿ ತೇಪೆ ಹಾಕಿ ಮುಗಿಸಿದ್ದನ್ನು ಕಂಡೆ. ಹೊಲಿಗೆ ಸೊಟ್ಟಗಿದೆ, ಆ ಮಾತು ಬೇರೆ. ನನಗೆ ತಿಳಿದಂತೆ ಈ ಊರಿನಲ್ಲಿ ಹೊತ್ತಿಗೆ ಸರಿಯಾಗಿ ಮುಗಿದ ದುರಸ್ತಿ ಅದೊಂದೇ. ಕೆಲಸ ಮುಗಿಯಿತೇ ಎಂದು ಅಕ್ಕ ಕೇಳಿದರೆ, ಮುಗಿಯಿತು ಎಂದು ಹೇಳಿಬಿಡಬಹುದೇ, ದಯಮಾಡಿ ತಿಳಿಸಿ.