ಖಾಲಿ ಮರದ ಮಾಲೀಕರಾದ ಮಂಗಟ್ಟೆ ದಂಪತಿಗೆ

ಮಾನ್ಯ ಮಂಗಟ್ಟೆ ದಂಪತಿಗಳ ಸನ್ನಿಧಿಗೆ,

ಬಾಪೂಜಿನಗರದ ತವರುಮನೆಯ ಕಿಟಕಿ ಪಕ್ಕದಿಂದ ಹೊಸ ಮದುಮಗಳೊಬ್ಬಳ ಅನಂತ ನಮಸ್ಕಾರಗಳು. ಶಾಲೆಯಲ್ಲಿ ತಮ್ಮನ್ನು ಹಾರ್ನ್‌ಬಿಲ್ ಎಂದಷ್ಟೇ ಕಲಿತಿದ್ದ ನಾನು, ಮೇ ತಿಂಗಳಲ್ಲಿ ಮದುವೆ ಮುಗಿದ ವಾರವೇ ದಾಂಡೇಲಿ ಕಡೆಯ ರೆಸಾರ್ಟೊಂದರಲ್ಲಿ ತಮ್ಮ ದರ್ಶನ ಪಡೆದು ಕುಣಿದಾಡಿಬಿಟ್ಟಿದ್ದೆ. ಶ್ರೀಮತಿಯವರು ಮರದ ಪೊಟರೆಯೊಳಗೆ ಕುಳಿತು, ಬಾಗಿಲನ್ನು ಮೆತ್ತಿಕೊಂಡು, ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟು ಮರಿ ಸಾಕುವುದೇನು, ಶ್ರೀಯುತರು ದಿನವಿಡೀ ಹಣ್ಣು ಹೊತ್ತು ತಂದು ಆ ಸೀಳಿನಲ್ಲೇ ಉಣಿಸುವುದೇನು, ಅಬ್ಬಾ!

ಇದರಿಂದ ನನ್ನ ಸಂಸಾರಕ್ಕಾದ ತೊಂದರೆಯನ್ನು ತಮ್ಮ ಗಮನಕ್ಕೆ ತರಲೇಬೇಕು. ಈಗ ಆಷಾಢ. ಅತ್ತೆ ಸೊಸೆ ಒಂದೇ ಸೂರಿನಡಿ ಇರಬಾರದೆಂದು ನನ್ನನ್ನು ತವರಿಗೆ ಕಳಿಸಿದ್ದಾರೆ; ಬಸವೇಶ್ವರನಗರದಿಂದ ನನ್ನ ಪತಿ ಕಶ್ಯಪ್ ಬಂದರೆ ಅಮ್ಮ ಹೊಸ್ತಿಲು ದಾಟಗೊಡುವುದಿಲ್ಲ. ಪಾಪ, ಕಿಟಕಿಯ ಸರಳಿನ ಸಂದಿಯಲ್ಲಿ ರಸಪುರಿ ಮಾವಿನಹಣ್ಣು ತೂರಿಸುತ್ತಾ, "ಆ ಹಕ್ಕಿ ತೋರಿಸಿದ್ದೇ ತಪ್ಪಾಯ್ತು ಕಣೇ, ದಿನಾ ಹಣ್ಣು ಕೇಳ್ತೀಯ" ಎಂದು ಗೊಣಗುತ್ತಾರೆ.

ಅದನ್ನಾದರೂ ಕ್ಷಮಿಸಬಹುದಿತ್ತು. ಮರಿ ಹಾರಿದೊಡನೆ ತಾವು ಮನೆಗೆ ಬೀಗವನ್ನೂ ಹಾಕದೆ ಕಾಡು ಸುತ್ತಲು ಹೊರಟಿರಲ್ಲ, ಅದಕ್ಕೆ ಏನು ಹೇಳಲಿ? ತಮ್ಮನ್ನು ಜನ ಕಣ್ತುಂಬ ನೋಡಲೆಂದು ರೆಸಾರ್ಟಿನವರು ವೀಕ್ಷಣಾ ಗೋಪುರ ಕಟ್ಟಿಸುತ್ತಿದ್ದಾರೆ; ಅದಕ್ಕೆ ಆರಿಸಿದ ಜಾಗದಲ್ಲಿ ಕೊಡಲಿಗೆ ಕಾದು ನಿಂತಿರುವುದು ತಮ್ಮದೇ ಮರ. ಗಾಬರಿಯಿಂದ ಫೋನ್ ಮಾಡಿದರೆ ಮ್ಯಾನೇಜರ್ ಬಸವಕುಮಾರ್, "ಮರ ಖಾಲಿ ಐತ್ರೀ ಮೇಡಮ್, ಈಗ ಯಾರೂ ಇಲ್ಲ ಅದರಾಗ" ಎಂದರು. ಎಂಥ ಅಮೋಘ ತರ್ಕ! ಹಾಗಾದರೆ ನಾನು ಆಷಾಢ ಮುಗಿಸಿ ಹೋಗುವಷ್ಟರಲ್ಲಿ ಬಸವೇಶ್ವರನಗರದ ನನ್ನ ಕೋಣೆಯನ್ನೂ ಕೆಡವಿ, ಹೊಸ ಸೊಸೆಯನ್ನು ನೋಡಲು ಬರುವವರಿಗೆ ಅಲ್ಲೊಂದು ಗ್ಯಾಲರಿ ಕಟ್ಟಬಹುದಲ್ಲವೇ? ತಾವು ವರ್ಷವರ್ಷವೂ ಅದೇ ಪೊಟರೆಗೆ ಮರಳುವವರು. ತಮ್ಮ ಗಾತ್ರಕ್ಕೆ ಒಗ್ಗುವ ಹಳೆಯ ಮರ ಆ ಸುತ್ತಿನಲ್ಲಿ ಇನ್ನೊಂದು ಉಳಿದಿಲ್ಲ.

ಆದಕಾರಣ ನಮ್ಮೂರಿನ ಹೇರೋಹಳ್ಳಿಯ ಖಾಲಿ ಸೈಟುಗಳಲ್ಲಿರುವಂತೆ "ಈ ಸ್ವತ್ತು ಮಾರಾಟಕ್ಕಿಲ್ಲ" ಎಂಬ ಬೋರ್ಡೊಂದನ್ನು ದಯಮಾಡಿ ಕೊಂಬೆಗೆ ತೂಗುಹಾಕಿ, ಬಾಗಿಲಲ್ಲಿ ಎರಡು ಜೊತೆ ಚಪ್ಪಲಿ ಬಿಟ್ಟು, ಸಾಧ್ಯವಾದರೆ ಕರೆಂಟ್ ಬಿಲ್ಲನ್ನೂ ತಮ್ಮ ಹೆಸರಿಗೆ ಮಾಡಿಸಿಕೊಳ್ಳತಕ್ಕದ್ದು. ಅಲ್ಲಿಯವರೆಗೆ ತಮ್ಮ ಪರವಾಗಿ ನಾನೇ ಅರಣ್ಯ ಕಚೇರಿಗೆ ಬರೆದಿದ್ದೇನೆ: ಮನೆಯವರು ಊರಿಗೆ ಹೋಗಿದ್ದಾರೆ, ಚಳಿಗಾಲ ಕಳೆಯುತ್ತಲೇ ಬರುತ್ತಾರೆ, ಮರ ಮುಟ್ಟಬೇಡಿ.

ತಾವು ಮರಳಿ ಬರುವಿರೆಂದು ನೆಚ್ಚಿಕೊಂಡಿರುವ,
ತಮ್ಮ ವಿಶ್ವಾಸಿ,
ಮಾಲವಿಕಾ ಕಶ್ಯಪ್

ತಾ.ಕ.: ಗೋಪುರ ಹತ್ತಿದರೆ ಬಹಳ ದೂರದವರೆಗೆ ಕಾಣುತ್ತದೆಂದು ಬಸವಕುಮಾರ್ ಹೇಳಿದರು. ತಾವು ಮನೆ ಹುಡುಕುತ್ತಾ ಎಷ್ಟು ದೂರ ಹಾರಿಹೋದರೂ ಅತಿಥಿಗಳಿಗೆ ಸ್ಪಷ್ಟವಾಗಿ ಕಾಣುವಿರಂತೆ, ದುರ್ಬೀನು ಉಚಿತ.