ಐವತ್ತೇಳು ಕಿಲೋದ ಹುಡುಗಿ

ಎಲ್ಲಕ್ಕೂ ಕಾರಣ ಒಂದು ತುಂಡು ಕೇಕು.

ಋಷಿಕೊಂಡದ ಸಮುದ್ರದ ದಂಡೆಯಲ್ಲಿ ಗೆಳೆಯ ಚಿರಂತ್‌ನ ಹುಟ್ಟುಹಬ್ಬ. "ಒಂದೇ ತುಂಡು ಕಣೇ, ನಿನ್ ಬಾಕ್ಸಿಂಗ್ ಏನ್ ಓಡಿಹೋಗುತ್ತಾ?" ಎಂದು ಎಲ್ಲರೂ ಸೇರಿ ಐಶ್ವರ್ಯಾಳ ಬಾಯಿಗೆ ತುರುಕಿದರು. ಕೇಕಿನ ಹಿಂದೆ ಬಿರಿಯಾನಿ ಬಂತು, ಬಿರಿಯಾನಿಯ ಹಿಂದೆ ಐಸ್‌ಕ್ರೀಮ್ ಬಂತು. ಮರುದಿನ ಹಾಸ್ಟೆಲಿನ ತೂಕದ ಯಂತ್ರ ಐವತ್ತೆಂಟು ಕಿಲೋ ತೋರಿಸಿತು. ಅವಳ ವಿಭಾಗದಲ್ಲಿ ಐವತ್ತೇಳು ದಾಟುವಂತಿಲ್ಲ.

ದಾಟಿದರೆ ಹೋಗುವುದು ಪದಕ ಮಾತ್ರ ಅಲ್ಲ. ಪ್ರಾಕ್ಟೀಸು, ಕ್ಯಾಂಪು ಎಂದು ತಿರುಗಿ ತಿರುಗಿ ಅವಳ ಹಾಜರಾತಿ ಪಾತಾಳ ಸೇರಿತ್ತು. ವಿಜಯವಾಡದ ಅಂತರಕಾಲೇಜು ಪಂದ್ಯದಲ್ಲಿ ಕಣಕ್ಕಿಳಿದ ಸರ್ಟಿಫಿಕೇಟ್ ತಂದರೆ ಮಾತ್ರ ಪರೀಕ್ಷೆಗೆ ಕೂರಿಸುತ್ತೇವೆಂದು ಪ್ರಿನ್ಸಿಪಾಲರು ಖಡಾಖಂಡಿತವಾಗಿ ಹೇಳಿದ್ದರು. ಇಲ್ಲದಿದ್ದರೆ ಒಂದು ಸೆಮಿಸ್ಟರ್ ಗೋವಿಂದ.

ಹಾಗಾಗಿ ವಿಜಯವಾಡದಲ್ಲಿ ಬೆಳಗಿನ ರೈಲಿಳಿದು, ಒನ್ ಟೌನ್ ಬಡಾವಣೆಯಲ್ಲಿದ್ದ ಸೋದರಮಾವನ ಮನೆಗೆ ಬಂದಾಗ ಅವಳ ಹೊಟ್ಟೆಯಲ್ಲಿ ಎರಡು ಗುಟುಕು ನೀರು ಬಿಟ್ಟರೆ ಬೇರೇನೂ ಇರಲಿಲ್ಲ. ತೂಕ ನೋಡುವುದು ಸಂಜೆ ನಾಲ್ಕಕ್ಕೆ. ಅಲ್ಲಿಯತನಕ ಬಾಯಿಗೆ ಬೀಗ.

ಬೀಗ ಹಾಕಲು ಇದಕ್ಕಿಂತ ಕೆಟ್ಟ ದಿನ ಸಿಗುತ್ತಿರಲಿಲ್ಲ. ಮನೆಯಲ್ಲಿ ಮಾವನ ಮಗಳು ದುರ್ಗಾಭವಾನಿಯ ಸೀಮಂತ!

ಕೆಳಗೆ ಮಾವ ಲಿಂಗರಾಜು ಅವರ ಒಣಮೆಣಸಿನಕಾಯಿ ಮಂಡಿ, ಮೇಲೆ ಮನೆ. ತುಮಕೂರಿನಿಂದ ಬಂದು ತೆಲುಗು ಮನೆಯ ಅಳಿಯನಾಗಿ, ಹೆಣ್ಣು ಕೊಟ್ಟ ಮಾವನ ಮಂಡಿಯಲ್ಲೇ ಇಪ್ಪತ್ತೆಂಟು ವರ್ಷ ಕಳೆದ ಮನುಷ್ಯ ಅವರು. ಮಗಳ ಸೀಮಂತದ ದಿನವೂ ಮೂಟೆ ತೂಗುವ ಹಳೆಯ ತಕ್ಕಡಿಯ ಮುಂದೆ ನಿಂತು, "ನಲವತ್ತು! ಮುವ್ವತ್ತೊಂಬತ್ತು!" ಎಂದು ರಾಗವಾಗಿ ಕೂಗುತ್ತಿದ್ದರು.

ಮೆಟ್ಟಿಲ ಮೇಲೇ ಅತ್ತೆ ಕೋಟೇಶ್ವರಮ್ಮ ಅವಳನ್ನು ಹಿಡಿದರು. "ಅಯ್ಯೋ ತಲ್ಲೀ, ಮುಖ ಇಷ್ಟೇ ಇಷ್ಟಾಗಿದೆಯಲ್ಲ! ಬಾ, ಬಿಸಿ ಬಿಸಿ ಬೊಬ್ಬಟ್ಟು ತಿನ್ನು."

"ಬೇಡ ಅತ್ತೆ, ಸಂಜೆ ತೂಕ ನೋಡ್ತಾರೆ."

"ತೂಕ ನೋಡೋಕೆ ನೀನೇನು ಮೆಣಸಿನಕಾಯಾ?"

ಬೆವರಿಳಿಯಲೆಂದು ಐಶ್ವರ್ಯಾ ಸ್ವೆಟರಿನ ಮೇಲೆ ಮಾವನ ರೇನ್‌ಕೋಟು ಹಾಕಿಕೊಂಡು, ಕೈಯಲ್ಲಿ ಅಕೌಂಟೆನ್ಸಿ ನೋಟ್ಸ್ ಹಿಡಿದು ಮಂಡಿಯ ಮೆಟ್ಟಿಲನ್ನು ಹತ್ತಿ ಇಳಿಯತೊಡಗಿದಳು. ಮೆಣಸಿನ ಘಾಟಿಗೆ ಪ್ರತಿ ಸುತ್ತಿಗೂ ಒಂದು ಸೀನು. ಪಕ್ಕದ ಮನೆಯ ಭ್ರಮರಾಂಬ ನೋಡಿ ನೋಡಿ, ಮಳೆಯಿಲ್ಲದೆ ರೇನ್‌ಕೋಟು ತೊಟ್ಟ ಹುಡುಗಿ ಒಳ್ಳೆಯ ಗಂಡ ಸಿಗಲೆಂದು ಹರಕೆ ಹೊತ್ತಿದ್ದಾಳೆಂದು ತಾವೇ ತೀರ್ಮಾನಿಸಿದರು. ಸ್ವಲ್ಪ ಹೊತ್ತಿನಲ್ಲಿ ಬೀದಿಯ ನಾಲ್ಕು ಹೆಂಗಸರು ಬಂದು, "ಹರಕೆಯವರು ಇದನ್ನ ತಿನ್ನಬಹುದಮ್ಮಾ" ಎಂದು ಬಾಳೆಹಣ್ಣು, ಕಡಲೆಬೇಳೆ ಪಾಯಸ, ಒಂದು ಲಡ್ಡು ಕೊಟ್ಟುಹೋದರು. ಅವಳು ಎಲ್ಲವನ್ನೂ ಮೂಟೆ ಹೊರುವವರಿಗೆ ದಾಟಿಸಿದಳು. ಲಡ್ಡು ಕೊಡುವಾಗ ಮಾತ್ರ ಕಣ್ಣು ತುಂಬಿ ಬಂತು.

ಎಲೆ ಹಾಕಿದಾಗ ದುರ್ಗಾಭವಾನಿ ಹಟ ಹಿಡಿದಳು. ಚಿಕ್ಕಂದಿನಿಂದ ರಜೆಯಲ್ಲೆಲ್ಲ ಒಂದೇ ತಟ್ಟೆಯಲ್ಲಿ ಉಂಡವರು ಅವರಿಬ್ಬರು. "ಐಶೂ, ನೀನು ತಿನ್ನದೆ ನಾನು ಒಂದು ತುತ್ತೂ ಮುಟ್ಟಲ್ಲ."

ಬಸುರಿ ಹೆಂಗಸು ಹಸಿದು ಕೂತಳೆಂದು ಮನೆಯೆಲ್ಲ ಗೊಳೋ ಎಂದಿತು. ಭ್ರಮರಾಂಬ ಐಶ್ವರ್ಯಾಳನ್ನು ಕೊಲೆಗಾರ್ತಿಯನ್ನು ನೋಡಿದಂತೆ ನೋಡಿದರು.

"ಒಂದ್ನಿಮಿಷ ಇರೇ, ಕೆಳಗೆ ತೂಕ ನೋಡ್ಕೊಂಡ್ ಬರ್ತೀನಿ. ಜಾಗ ಇದ್ರೆ ಖಂಡಿತ ತಿಂತೀನಿ" ಎಂದಳು ಐಶ್ವರ್ಯಾ.

ರೇನ್‌ಕೋಟು, ಸ್ವೆಟರು ಕಳಚಿ ತಕ್ಕಡಿಯ ಹಲಗೆ ಹತ್ತಿ, ಭಯಕ್ಕೆ ಕಣ್ಣು ಮುಚ್ಚಿ ಕೈ ಮುಗಿದು ನಿಂತಳು. ಮಾವ ಕನ್ನಡಕ ಏರಿಸಿ, ಕಡ್ಡಿ ನೆಟ್ಟಗಾಗುವ ತನಕ ತೂಕದ ಬಟ್ಟು ಸರಿಸಿ, ಅದೇ ರಾಗದಲ್ಲಿ ಕೂಗಿದರು: "ಐವತ್ತಾರು!"

ಒಂದು ಕಿಲೋ ಜಾಗ! ಐಶ್ವರ್ಯಾ ಮೂರು ಮೂರು ಮೆಟ್ಟಿಲು ಹಾರಿ ಮೇಲೆ ಹೋದಳು. ಮೊದಲ ಬೊಬ್ಬಟ್ಟನ್ನು ಭವಾನಿಯೇ ಬಾಯಿಗಿಟ್ಟಳು. ಎರಡನೆಯದಕ್ಕೆ ಅತ್ತೆ ತುಪ್ಪ ಸುರಿದರು. ಮೇಲೆ ಪುಳಿಹೋರ, ಒಂದು ಲೋಟ ಮಜ್ಜಿಗೆ. ಪ್ರಪಂಚದಲ್ಲಿ ಎಲ್ಲರೂ ಒಳ್ಳೆಯವರೆಂದು ಅವಳಿಗೆ ಅನ್ನಿಸಿತು.

ನಾಲ್ಕು ಗಂಟೆಗೆ ಸ್ಟೇಡಿಯಮ್ಮಿನ ಯಂತ್ರ ಐವತ್ತೇಳು ಕಿಲೋ ಆರುನೂರು ಗ್ರಾಂ ತೋರಿಸಿತು.

ಅವಳು ಕೆಳಗಿಳಿದು ಮತ್ತೆ ಹತ್ತಿದಳು. ಯಂತ್ರ ಮನಸ್ಸು ಬದಲಿಸಲಿಲ್ಲ. ಒಂದು ಗಂಟೆ ಕಾಲಾವಕಾಶ ಕೊಟ್ಟರು. ರೇನ್‌ಕೋಟಿನಲ್ಲಿ ಮೈದಾನ ಸುತ್ತಿ ಸುತ್ತಿ ನಾನೂರು ಗ್ರಾಂ ಬೆವರಿಳಿಸಿದಳು. ಇನ್ನೂರು ಗ್ರಾಂ ಉಳಿಯಿತು, ಗಂಟೆ ಮುಗಿಯಿತು. ಕೋಚ್ ಫಣೀಂದ್ರ ಸರ್ ಬೈಯಲಿಲ್ಲ. ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಗೆರೆ ಎಳೆದು, ಪೆನ್ನು ಜೇಬಿಗಿಟ್ಟುಕೊಂಡು ಆ ಕಡೆ ತಿರುಗಿದರು. ಬೈದಿದ್ದರೇ ಚೆನ್ನಾಗಿತ್ತು.

ಪಂದ್ಯ ನೋಡಲೆಂದು ಕ್ಯಾರಿಯರ್ ಸಮೇತ ಆಟೋದಲ್ಲಿ ಬಂದಿಳಿದ ಮಾವ ಅತ್ತೆಗೆ ಅವಳು ಮೆಟ್ಟಿಲ ಮೇಲೆ ಅಳುತ್ತ ಸಿಕ್ಕಳು.

"ನಿಮ್ಮ ತಕ್ಕಡಿ ಸುಳ್ಳು ಹೇಳ್ತು ಮಾವ."

ಲಿಂಗರಾಜು ಅವರಿಗೆ ಮೈ ಉರಿಯಿತು. "ನಮ್ಮ ತಕ್ಕಡಿಯಾ? ಇಡೀ ಒನ್ ಟೌನಿನಲ್ಲಿ ಯಾರನ್ನಾದ್ರೂ ಕೇಳು! ಅದು ನೆಟ್ಟಗೆ ಐವತ್ತೇಳೇ ತೋರಿಸ್ತು. ಚೀಲದ ತೂಕ ಅಂತ ಒಂದು ಕಿಲೋ ಕಳೆದು ನಾನು..."

ಮಾವ ಕನ್ನಡಕ ತೆಗೆದು ಒರೆಸತೊಡಗಿದರು.

ಐವತ್ತೇಳು. ಅಂದರೆ ಬೊಬ್ಬಟ್ಟಿಗೆ ಮೊದಲು ಅವಳು ಸರಿಯಾಗಿ ಗೆರೆಯ ಮೇಲಿದ್ದಳು.

"ಮಾವ," ಎಂದಳು ಐಶ್ವರ್ಯಾ ಮೆಲ್ಲಗೆ, "ನಾನು ಚೀಲದಲ್ಲಿ ನಿಂತಿದ್ನಾ?"

"ಇಪ್ಪತ್ತೆಂಟು ವರ್ಷದ ಅಭ್ಯಾಸ ಕಣಮ್ಮಾ, ಬಾಯಿಗೆ ತಾನಾಗೇ ಬಂದ್ಬಿಡ್ತು" ಎಂದರು ಮಾವ. ಆದರೆ ಅವರು ಅವಳ ಮುಖ ನೋಡುತ್ತಿರಲಿಲ್ಲ. ಅತ್ತೆಯೂ ಯಾಕೋ ಕ್ಯಾರಿಯರಿನ ಹಿಡಿಯನ್ನೇ ಉಜ್ಜುತ್ತಿದ್ದರು.

ಬರುವ ಸೆಮಿಸ್ಟರಿನಲ್ಲಿ ಇದೇ ಪಾಠಗಳಿಗೆ ಮತ್ತೆ ಕೂರಬೇಕು. ಐಶ್ವರ್ಯಾಳಿಗೆ ಅಳು ಉಕ್ಕಿ ಬಂತು. ಮಾವನ ಸಪ್ಪೆ ಮೋರೆ ನೋಡಿದರೆ ಸಿಟ್ಟು ಮಾತ್ರ ಬರಲೊಲ್ಲದು.

"ಇನ್ನೇನೂ ತೂಕ ನೋಡಲ್ಲ ಕದಾ?" ಎಂದು ಕೋಟೇಶ್ವರಮ್ಮ ಕ್ಯಾರಿಯರಿನ ಮುಚ್ಚಳ ತೆಗೆದರು. ತುಪ್ಪದ ಘಮ ಎದ್ದಿತು.

"ನಿಜ ಹೇಳಿ ಮಾವ, ಅದು ಅಭ್ಯಾಸನೇನಾ, ಇಲ್ಲಾ ನಾನು ತಿನ್ಲಿ ಅಂತಾನಾ?"

"ಮೊದಲು ತಿನ್ನಮ್ಮ" ಎಂದರು ಲಿಂಗರಾಜು.